ಕರುಣಾಳ ಅರ್ಧ ಸೀಟು

ಏ ಚಿತ್ತಾಪುರದವರೇ, ಚಹಾದ ಅಂಗಡಿಯ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕುಂತವರೇ, ಪಾನ್ ಡಬ್ಬಿಯ ಮುಂದೆ ಬೆಳಗಿನಿಂದ ಒಂದೇ ಸುದ್ದಿ ಅಗಿಯುತ್ತಾ ನಿಂತವರೇ, ಸ್ವಲ್ಪ ಇತ್ತ ಕಿವಿ ಕೊಡಿ. ಸೇಡಂ, ಚಿಂಚೋಳಿ ಕಡೆಯ ಗೆಳೆಯರೇ, ನೀವು ಫೋನನ್ನು ಕಿವಿಗೆ ಹಚ್ಚಿಕೊಂಡರೆ ಸಾಕು. ದಂಡೋತಿಯ ಕರುಣಾಳ ಕಥೆ ಇದು. ಬೆಳಗಾಗುತ್ತಲೇ ಗುಲಾಬಿ ಹೂವಿನ ಚಿತ್ರ ಹಾಕಿ "ಸದಾ ಒಳ್ಳೆಯದನ್ನೇ ಯೋಚಿಸಿ" ಎಂದು ಊರಿಗೆಲ್ಲ ಕಳಿಸುವ ಮಹಾನುಭಾವರು ಇದ್ದಾರಲ್ಲ, ಅವರು ಎಲ್ಲರಿಗಿಂತ ಮೊದಲು ಕೇಳಬೇಕು. ಕೇಳಿದರೂ ಬುದ್ಧಿ ಬರುವುದಿಲ್ಲ, ಅದು ಬೇರೆ ಮಾತು.

ಕರುಣಾಳ ಗಂಡ ಸಂಘಪಾಲ ದಂಡೋತಿಯಿಂದ ಚಿತ್ತಾಪುರಕ್ಕೆ ಟಂಟಂ ಓಡಿಸುತ್ತಿದ್ದ. ಟಂಟಂ ಎಂದರೆ ಗೊತ್ತಲ್ಲ: ಮೂರು ಗಾಲಿ, ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್, ಮತ್ತು ಎಷ್ಟು ಮಂದಿ ಹತ್ತಿದರೂ ತುಂಬದ ಹೊಟ್ಟೆ. ಮಳೆಗಾಲಕ್ಕೆ ಮೊದಲು ಮನೆಯ ಮೇಲಿನ ತಗಡು ಸರಿಮಾಡಲು ಹತ್ತಿದ ಸಂಘಪಾಲ ತಗಡಿನ ಜೊತೆಗೇ ಕೆಳಗೆ ಬಂದ. ಬಲಗೈ ಮುರಿಯಿತು. ಎಲುಬು ಕೂಡಿಕೊಂಡಿತು, ಆದರೆ ಹ್ಯಾಂಡಲ್ ತಿರುವುವ ಶಕ್ತಿ ಬರಲಿಲ್ಲ. ಟಂಟಂ ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತು. ಕಾಗೆಗಳು ಅದರ ಮೇಲೆ ತಮ್ಮ ಕೆಲಸ ಮಾಡಿದವು. ಮನೆಯ ಕೋಳಿ ಹಿಂದಿನ ಸೀಟಿನ ಮೂಲೆಯಲ್ಲಿ ತತ್ತಿ ಇಡುವ ಜಾಗ ಮಾಡಿಕೊಂಡಿತು.

ಆಗ ಕರುಣಾ ಹೇಳಿದಳು, "ನಾ ಓಡಸ್ತೀನಿ."

ಮನೆಯಲ್ಲಿ ಯಾರೂ ನಗಲಿಲ್ಲ. ಊರು ನಕ್ಕಿತು. ನಗುವುದಕ್ಕೆ ಲೈಸೆನ್ಸ್ ಬೇಕಿಲ್ಲ ನೋಡಿ, ಅದಕ್ಕೇ ನಮ್ಮಲ್ಲಿ ಎಲ್ಲರೂ ನಗುತ್ತಾರೆ.

ಕಲಿಕೆ ನಡೆದದ್ದು ಹೊಲದ ದಾರಿಯಲ್ಲಿ, ಬೆಳಗಿನ ಹೊತ್ತು. ಸಂಘಪಾಲ ಹಿಂದೆ ಕುಳಿತು ಹೇಳಿಕೊಡುತ್ತಿದ್ದ. ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು, ಹೇಗೂ ಆ ಕಡೆಯೇ ಹೋಗುತ್ತದಲ್ಲ ಎಂದು ಪುಕ್ಕಟೆ ಹತ್ತುತ್ತಿದ್ದರು. ಚಾಲಕನ ಸೀಟು ಚಾಲಕನಿಗೆ ಎಂದು ಅದನ್ನು ತಯಾರಿಸಿದ ಕಂಪನಿಯವನು ತಿಳಿದಿದ್ದಾನೆ. ಅವನು ನಮ್ಮ ಕಡೆ ಬಂದಿಲ್ಲ. ಕರುಣಾಳ ಎಡಕ್ಕೆ ಪಕ್ಕದ ಮನೆಯ ಮರೆಮ್ಮ, ಮರೆಮ್ಮನ ಆಚೆ ಅತ್ತೆ ರಮಾಬಾಯಿ. ಮರೆಮ್ಮ ಕುಳಿತರೆ ಸೀಟಿನ ಬಹುಪಾಲು ಮರೆಮ್ಮನದೇ. ಉಳಿದ ಅಂಚಿನಲ್ಲಿ ಕರುಣಾ, ಅರ್ಧ ಒಳಗೆ, ಅರ್ಧ ಹೊರಗೆ, ಬಲಗಾಲು ಗಾಳಿಗೆ. ಮರೆಮ್ಮನ ಸೊಂಟ ಎಡದಿಂದ ಒತ್ತಿದಾಗ ಇವಳು ಎಡಕ್ಕೆ ಎದುರೊತ್ತಿ ಹ್ಯಾಂಡಲ್ ನೆಟ್ಟಗೆ ಹಿಡಿಯುವುದನ್ನು ಕಲಿತಳು. ನಮ್ಮ ಕಡೆಯ ಟಂಟಂನವರೆಲ್ಲ ಓಡಿಸುವುದೇ ಹೀಗೆ. ಸ್ವಲ್ಪ ದಿನದಲ್ಲಿ ಕರುಣಾ ಎಷ್ಟು ಚೆನ್ನಾಗಿ ಓಡಿಸಿದಳೆಂದರೆ, ಮರೆಮ್ಮ ದಾರಿಯುದ್ದಕ್ಕೂ ನಿದ್ದೆ ಹೊಡೆಯತೊಡಗಿದಳು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ?

ಲೈಸೆನ್ಸ್ ಪರೀಕ್ಷೆಯ ಸಾಹೇಬರಿಗೆ ಬೇರೆ ಪ್ರಮಾಣಪತ್ರ ಬೇಕಿತ್ತು. ಅವರ ಕ್ಯಾಂಪ್ ನಡೆಯುವುದು ಶಹಾಬಾದಿನ ಹೊರಗೆ ಒಂದು ಬಯಲಿನಲ್ಲಿ. ಸುಣ್ಣದಲ್ಲಿ ಎಂಟರ ಆಕಾರ ಬರೆದು, ಗೆರೆಯ ಮೇಲೆ ಕೆಂಪು ಪ್ಲಾಸ್ಟಿಕ್ ಡಬ್ಬಿ ನಿಲ್ಲಿಸಿರುತ್ತಾರೆ. ಮೊದಲ ಸಲ ಕರುಣಾ ಖಾಲಿ ಸೀಟಿನ ಬಲತುದಿಗೆ ಹೋಗಿ, ಎಂದಿನಂತೆ ಅರ್ಧ ಹೊರಗೆ ಜೋತುಬಿದ್ದು ಗಾಡಿ ಎಬ್ಬಿಸಿದಳು. ಸಾಹೇಬರು ರಾಜ್ಯದ ದಕ್ಷಿಣದ ಕಡೆಯವರು.

"ಅಮ್ಮಾ, ಸೀಟು ಅಷ್ಟಗಲ ಇದೆ. ನೀವು ಯಾಕೆ ಹೊರಗೆ ನೇತಾಡ್ತಿದ್ದೀರಿ?"

"ಮತ್ತ ಎಲ್ಲಿ ಕುಂದ್ರಲ್ರಿ?" ಎಂದಳು ಕರುಣಾ. ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಫೇಲ್.

ಎರಡನೆಯ ಸಲ ಹಟ ಹಿಡಿದು ನಡುವೆ ಕುಳಿತಳು. ಎಡಕ್ಕೆ ಒತ್ತುವವರಿಲ್ಲ, ಬಲಕ್ಕೆ ಗಾಳಿ ಇಲ್ಲ. ಮೈಯೆಲ್ಲ ಯಾರದೋ ಅನ್ನಿಸಿತು. ಒತ್ತಡವೇ ಇಲ್ಲದ ಕಡೆಗೆ ಕೈ ತಾನಾಗಿ ಒತ್ತಿ, ಡಬ್ಬಿಗಳು ಒಂದರ ಹಿಂದೊಂದು ಮಲಗಿದವು. ಫೇಲ್.

ಕರುಣಾಳ ಸ್ವಭಾವ ಹೇಗೆಂದರೆ, ಫೇಲಾದ ಮೇಲೆ ವಾಡಿ ಬರುವವರೆಗೆ ಎಲ್ಲರನ್ನೂ ಬೈಯುತ್ತಾಳೆ. ಡಬ್ಬಿಗಳನ್ನೂ ಬಿಡುವುದಿಲ್ಲ. "ಏನ್ ಜೀವ ಇತ್ತೇನು ಅವಕ್ಕ? ಬಿದ್ದು ಅತ್ವೇನು?" ವಾಡಿಯಲ್ಲಿ ಗಾಡಿ ನಿಲ್ಲಿಸಿ ಮಂಡಕ್ಕಿಯ ಸುಸಲಾ, ಎರಡು ಮಿರ್ಚಿ ಭಜಿ ತಿನ್ನುತ್ತಾಳೆ. ಕಣ್ಣಲ್ಲಿ ನೀರು ಬರುತ್ತದೆ. ಖಾರಕ್ಕೋ ಮತ್ತೊಂದಕ್ಕೋ ಕೇಳಬಾರದು. ಕೈ ತೊಳೆದ ಮೇಲೆ ಗಂಡನಿಗೆ, "ಮುಂದಿನ ಕ್ಯಾಂಪ್ ಯಾವಾಗ್ರಿ?" ಎನ್ನುತ್ತಾಳೆ. ಇಷ್ಟೇ ಅವಳ ಮನೋಬಲ. ಇದಕ್ಕೆ ಯಾರ ವ್ಯಕ್ತಿತ್ವ ವಿಕಸನ ಶಿಬಿರವೂ ಬೇಕಾಗಿರಲಿಲ್ಲ.

ಆದರೆ ಮನೆಯಲ್ಲಿ ಶಿಬಿರಕ್ಕೆ ಹೋಗಿಬಂದವನೊಬ್ಬನಿದ್ದ. ಮೈದುನ ಸೂರ್ಯಕಾಂತ. ಚಿತ್ತಾಪುರದಲ್ಲಿ ಮೊಬೈಲ್ ಅಂಗಡಿ. ಕಲಬುರಗಿಯ ಯಾವುದೋ ಮಂಗಲ ಕಾರ್ಯಾಲಯದಲ್ಲಿ ಎಸಿ ಗಾಳಿಗೆ ಕುಳಿತು, ಚಪ್ಪಾಳೆ ತಟ್ಟಿ, ಅಪರಿಚಿತರನ್ನು ತಬ್ಬಿಕೊಂಡು, ಕೊರಳಿಗೆ ಬಿಲ್ಲೆ ಹಾಕಿಸಿಕೊಂಡು ಬಂದಿದ್ದ. ಅಂದಿನಿಂದ ಅವನ ಬಾಯಲ್ಲಿ 'ಪಾಸಿಟಿವ್' ಬಿಟ್ಟು ಬೇರೆ ಮಾತಿಲ್ಲ. ಯಾರದೋ ಎಮ್ಮೆ ಸತ್ತರೆ, "ಪಾಸಿಟಿವ್ ಆಗಿ ನೋಡ್ರಿ, ಮೇವು ಉಳೀತದ" ಎಂದು ಹೊಡೆತ ತಿನ್ನುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡ ಮನುಷ್ಯ. ಅಣ್ಣನ ಕೈ ಮುರಿದಾಗ ಆಸ್ಪತ್ರೆಗೆ ಬಂದು, "ಅಣ್ಣಾ, ನಿನಗ ಎಡಗೈ ಶಕ್ತಿ ಗೊತ್ತಾಗೋ ಟೈಮ್ ಇದು" ಎಂದಿದ್ದ. ರಮಾಬಾಯಿ ಅಲ್ಲೇ ತನ್ನ ಎಡಗೈಯ ಶಕ್ತಿ ತೋರಿಸುವವಳಿದ್ದಳು, ನರ್ಸ್ ಅಡ್ಡ ಬಂದಳು.

ಈ ಸೂರ್ಯಕಾಂತನಿಗೆ ಹೆಂಡತಿಯ ತಮ್ಮನೊಬ್ಬ, ಸಾಯಿಕುಮಾರ. ಲೈಸೆನ್ಸ್ ಇದೆ, ಕೆಲಸ ಇಲ್ಲ. ಟಂಟಂ ಅವನ ಕೈಗೆ ಬಂದರೆ ಒಳ್ಳೆಯದು ಎಂದು ಸೂರ್ಯಕಾಂತ ಟಂಟಂ ಸ್ಟ್ಯಾಂಡಿನ ಹಿರಿಯ ಮಜೀದಸಾಬರ ಕಿವಿಯಲ್ಲಿ ಹಾಕಿದ್ದ. ಸ್ಟ್ಯಾಂಡಿನಲ್ಲಿ ಗಾಡಿಗೊಂದು ಪಾಳಿ ಇರುತ್ತದೆ. ಪಾಳಿ ಖಾಲಿ ಬಿಟ್ಟರೆ ಬೇರೆಯವರು ನುಗ್ಗುತ್ತಾರೆ. ಮಜೀದಸಾಬರು ಕರುಣಾಳನ್ನು ಕರೆದು ನೇರವಾಗಿಯೇ ಹೇಳಿದರು:

"ಬೇಟಿ, ಸಂಘಪಾಲನ ಪಾಳಿ ನಾನು ಇಷ್ಟು ದಿನ ಹಿಡಿದಿಟ್ಟೀನಿ. ಬಾಕಿಯವ್ರು ನನ್ನ ತಲಿ ತಿನ್ಲಿಕತ್ತಾರ. ಈ ಕ್ಯಾಂಪಿನ್ಯಾಗ ಪಾಸಾಗಿ ಬಾ, ಪಾಳಿ ನಿಂದು. ಇಲ್ಲಂದ್ರ ಸಾಯಿಕುಮಾರ ಓಡಸ್ಲಿ. ಮುಂದ ನನ್ನ ಮ್ಯಾಲ ಸಿಟ್ಟಾಗಬ್ಯಾಡ."

"ಆಗಂಗಿಲ್ಲ ಚಾಚಾ," ಎಂದಳು ಕರುಣಾ. ಒಳಗೆ ಆಗಲೇ ಆಗಿತ್ತು. ಒಮ್ಮೆ ಸಾಯಿಕುಮಾರನ ಕೈಗೆ ಹೋದ ಗಾಡಿ ವಾಪಸು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೂರನೆಯ ಕ್ಯಾಂಪಿನ ಬೆಳಗ್ಗೆ ಕೋಳಿ ಹಿಂದಿನ ಸೀಟಿನಿಂದ ಏಳಲೊಲ್ಲೆ ಎಂದಿತು. ಕರುಣಾ ಅದನ್ನು ಎತ್ತಿ ಬುಟ್ಟಿಗೆ ಹಾಕಿದರೆ ಕೈ ಕುಕ್ಕಿತು. ಗಾಡಿ ಶುರುವಾಗಲಿಲ್ಲ, ಮರೆಮ್ಮ ಹಿಂದಿನಿಂದ ಒಂದು ಸಲ ದೂಡಿದ ಮೇಲೆ ಹೆದರಿಕೊಂಡು ಶುರುವಾಯಿತು. ಶಹಾಬಾದಿನಲ್ಲಿರುವ ಮಗಳು ಲಾಲಮ್ಮನಿಗೆ ಕೊಡಲೆಂದು ರಮಾಬಾಯಿ ಒಂದು ಚೀಲ ತೊಗರಿ, ಒಂದು ಚೀಲ ಜೋಳ ಹೇರಿಸಿದಳು. ಮುಂದೆ ಕರುಣಾಳ ಪಕ್ಕ ಅತ್ತೆ ಮತ್ತು ಗಂಡ. ಚಿತ್ತಾಪುರದಲ್ಲಿ ಸೂರ್ಯಕಾಂತ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ.

"ವೈನಿ, ಸಪೋರ್ಟಿಗೆ ನಾ ಬರ್ತೀನಿ. ಎನರ್ಜಿ ಬೇಕು ನಿಮಗ."

"ಡೀಸೆಲ್ ಅದ," ಎಂದಳು ಕರುಣಾ.

ಅವನು ಹಿಂದೆ ಚೀಲಗಳ ಮೇಲೆ ಕುಳಿತು, ದಾರಿಯುದ್ದಕ್ಕೂ ಅವಳ ಬೆನ್ನಿಗೆ ಉಪದೇಶ ಮಾಡಿದ. ಪಾಸಾಗುತ್ತೇನೆ ಎನ್ನಬಾರದಂತೆ, ಪಾಸಾಗಿದ್ದೇನೆ ಎನ್ನಬೇಕಂತೆ. ಜಗತ್ತು ಕೇಳಿಸಿಕೊಳ್ಳುತ್ತದಂತೆ. ವಾಡಿಯ ಹತ್ತಿರ ರೈಲ್ವೆ ಗೇಟು ಬಿತ್ತು. ಜಗತ್ತು ಕೇಳಿಸಿಕೊಳ್ಳಲಿಲ್ಲ. ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಸಾವಕಾಶ ಹೋಗತೊಡಗಿತು, ಅದಕ್ಕೆ ಕೊನೆಯ ಡಬ್ಬಿ ಎಂಬುದು ಇದ್ದಂತೆಯೇ ಕಾಣಲಿಲ್ಲ.

ಅಲ್ಲಿ ಸೂರ್ಯಕಾಂತನ ಫೋನು ರಿಂಗಾಯಿತು. ಸ್ಪೀಕರ್ ಹಾಕದೆ ಮಾತನಾಡಿದರೆ ಅವನಿಗೆ ಮಾತನಾಡಿದ ಹಾಗೆಯೇ ಆಗುವುದಿಲ್ಲ.

"ಭಾವ, ಪೇಂಟರನ್ನ ಸ್ಟ್ಯಾಂಡಿಗಿ ಕರಸೀನಿ," ಸಾಯಿಕುಮಾರನ ದನಿ ಗಾಡಿ ತುಂಬ ಕೇಳಿಸಿತು. "ಟಂಟಂ ಹಿಂದ ಏನ್ ಬರೀಲಿ ಅಂತ ಕೇಳ್ಲಿಕತ್ತಾನ. ಅಕ್ಕನ ಹೆಸ್ರು ಹಾಕಸ್ಲೋ, ನನ್ನ ಹೆಸ್ರೋ?"

ಸೂರ್ಯಕಾಂತ ಸ್ಪೀಕರ್ ಬಂದ್ ಮಾಡಲು ಎಲ್ಲ ಗುಂಡಿ ಒತ್ತಿದ. ಮೊಬೈಲ್ ಅಂಗಡಿಯವನಿಗೆ ಅದೊಂದು ಸಿಗಲಿಲ್ಲ.

ರಮಾಬಾಯಿ ಹಿಂದೆ ತಿರುಗಿದಳು. "ಏನಲೇ ಇದು?"

"ಯವ್ವಾ, ನೆಗೆಟಿವ್ ತಗೋಬ್ಯಾಡ. ಎರಡೂ ಕಡಿ ತಯಾರ್ ಇರಬೇಕು ಅಂತ ಶಿಬಿರದಾಗ ಹೇಳ್ಯಾರ."

"ಬೆಳಿಗ್ಗಿಂದ ನನ್ನ ಸೊಸಿಗಿ ಪಾಸಾಗೀನಿ ಅನ್ನು ಅಂತ ಹೇಳ್ತಿ. ನಿನ್ನ ಮನಸಿನ್ಯಾಗ ಆಕಿ ಆಗ್ಲೇ ಫೇಲಾಗಿ, ಗಾಡಿಗಿ ಬಣ್ಣನೂ ಹಚ್ಚಿ ಆಗ್ಯದ. ಭಾಳ ಛಲೋ ಕಲತಿ ಬಿಡು."

ಸಂಘಪಾಲ ತಮ್ಮನ ಕಡೆ ನೋಡಲೂ ಇಲ್ಲ. ಕರುಣಾ ಬೈಯಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ ಮಾತು: "ಗೇಟ್ ಎತ್ಯಾರ. ಹಿಂದ ಸರಿಯಾಗಿ ಹಿಡ್ಕೋ ಸೂರ್ಯಕಾಂತ, ಬಿದ್ದೀ." ನಂತರ ರಸ್ತೆಯ ಪ್ರತಿಯೊಂದು ಗುಂಡಿಯಲ್ಲೂ ಅವಳು ಹುಡುಕಿ ಹುಡುಕಿ ಗಾಡಿ ಹಾಯಿಸಿದಳು. ಹಿಂದೆ ಉಪದೇಶ ನಿಂತು 'ಅಯ್ಯಪ್ಪಾ' ಶುರುವಾಯಿತು.

ಬಯಲಿನಲ್ಲಿ ಅವಳು ತನ್ನ ಸರದಿಗೆ ಕಾದಳು. ಮುಂದಿನವರೆಲ್ಲ ಗಂಡಸರು. ಒಬ್ಬ ಎಂಟರ ಬದಲು ಸೊನ್ನೆ ಹಾಕಿ ಬಂದು, ಗೆರೆಯನ್ನೇ ತಪ್ಪು ಹಾಕಿದ್ದಾರೆ ಎಂದ. ಸೂರ್ಯಕಾಂತನಿಗೆ ಅಷ್ಟರಲ್ಲಿ ಮತ್ತೆ ಜೀವ ಬಂದಿತ್ತು.

"ವೈನಿ, ಆದದ್ದು ಆತು. ಕಣ್ಣು ಮುಚ್ಚರಿ. ಪಾಸಾದಂಗ ಮನಸಿನ್ಯಾಗ ನೋಡ್ರಿ. ಲೈಸೆನ್ಸ್ ಕೈಯಾಗದ, ಎಲ್ಲಾರೂ ಚಪ್ಪಾಳಿ ಹೊಡೀಲಿಕತ್ತಾರ."

ಕಣ್ಣು ಮುಚ್ಚಿದರೆ ಇವನ ಮುಖವಾದರೂ ಕಾಣುವುದಿಲ್ಲ ಎಂದು ಕರುಣಾ ಮುಚ್ಚಿದಳು. ಲೈಸೆನ್ಸ್ ಕಾಣಲಿಲ್ಲ, ಚಪ್ಪಾಳೆ ಕೇಳಲಿಲ್ಲ. ಹೊಲದ ದಾರಿ ಕಂಡಿತು. ಗಾಡಿ ಹೋಗುತ್ತಿದೆ, ನೆಟ್ಟಗೆ ಹೋಗುತ್ತಿದೆ, ಮತ್ತು ಎಡಗಡೆ ಬೆಚ್ಚಗೆ, ಭಾರವಾಗಿ, ಎಲೆಯಡಿಕೆಯ ವಾಸನೆಯ ಜೊತೆ ಮರೆಮ್ಮ ಒತ್ತುತ್ತಿದ್ದಾಳೆ.

ಕರುಣಾ ಕಣ್ಣು ತೆರೆದಳು. "ಅತ್ತಿ, ಚೀಲ ಇಳಸ್ರಿ."

"ಲಾಲಮ್ಮನ ಮನಿ ಇನ್ನ ದೂರ ಅದಲ್ಲ?"

"ಮನಿಗಿ ಅಲ್ಲ. ಮುಂದ, ನನ್ನ ಬಾಜೂಕ್ಕ. ತೊಗರಿದು ಈ ಕಡಿ, ಜ್ವಾಳದ್ದು ಆ ಕಡಿ. ಬಿಗೀ ಒತ್ರಿ."

ರಮಾಬಾಯಿ ಸೊಸೆಯ ಮುಖವನ್ನೊಮ್ಮೆ ನೋಡಿ ಚೀಲಕ್ಕೆ ಕೈ ಹಾಕಿದಳು. ಸಂಘಪಾಲ ಎಡಗೈಯಲ್ಲಿ ಎಳೆದ. ಸೂರ್ಯಕಾಂತನ ಬಿಳಿ ಅಂಗಿಗೆ ಧೂಳು ಹತ್ತೀತೆಂದು ಅವನು ದೂರ ನಿಂತು ಪ್ರೋತ್ಸಾಹ ಕೊಟ್ಟ.

ಸಾಹೇಬರು ಬಂದು ನೋಡಿದರೆ ಎರಡು ಚೀಲಗಳ ನಡುವೆ, ನಟ್ಟನಡುವೆ, ಕರುಣಾ.

"ಇದೇನಮ್ಮಾ ಮೂಟೆ?"

"ಒಂದ್ರಾಗ ತೊಗರಿ ಅದರಿ, ಒಂದ್ರಾಗ ಜ್ವಾಳ."

"ಸೀಟಿನ ಮೇಲೆ ಯಾಕೆ?"

"ನಾ ಕಲ್ತಿದ್ದು ಮಂದಿ ಜೋಡಿ ಕುಂತ್ರಿ. ಬಾಜೂಕ್ಕ ಒತ್ತಿದ್ರೇ ನನ್ನ ಕೈ ನೆಟ್ಟಗ ನಡೀತದ. ಮಂದಿನ ಕೂಡಸ್ಬ್ಯಾಡ ಅಂತೀರಿ, ಖರೆ. ಜ್ವಾಳ ಕೂಡಸ್ಬಾರದು ಅಂತ ಎಲ್ಲ್ಯಾರ ಅದ ಏನ್ರಿ ಸಾಹೇಬ್ರ?"

ಸಾಹೇಬರು ಆಕಾಶ ನೋಡಿದರು. ಅಂಥ ನಿಯಮ ಅಲ್ಲಿಯೂ ಬರೆದಿರಲಿಲ್ಲ. "ಹೊರಗೆ ನೇತಾಡಬಾರದು. ಡಬ್ಬಿ ಬೀಳಬಾರದು. ನಡೀರಿ."

ಗಾಡಿ ಹೊರಟಿತು. ಮೊದಲ ತಿರುವಿಗೆ ತೊಗರಿಯ ಚೀಲ ಮರೆಮ್ಮನ ಹಾಗೆಯೇ ಮೈಮೇಲೆ ಬಂತು. ಕರುಣಾ ಹಳೆಯ ಅಭ್ಯಾಸದಂತೆ ಒತ್ತಿ ಹಿಡಿದಳು. ಎರಡನೆಯ ತಿರುವಿಗೆ ಜೋಳದ್ದು ಒತ್ತಿತು. ಡಬ್ಬಿಗಳೆಲ್ಲ ನಿಂತಲ್ಲೇ ನಿಂತು ಇವಳನ್ನು ನೋಡಿದವು. ಸುಣ್ಣದ ಗೆರೆ ಒಂದೆಡೆಯೂ ಅಳಿಸಲಿಲ್ಲ.

ರಮಾಬಾಯಿ ಮುಖ ಅರಳಿಸುವಷ್ಟರಲ್ಲಿ ಸಾಹೇಬರು ಹೇಳಿದರು, "ಚೆನ್ನಾಗಿದೆ. ಈಗ ಮೂಟೆ ಇಳಿಸಿ ಇನ್ನೊಂದು ಸುತ್ತು."

ಇದು ಅನ್ಯಾಯ ಎನ್ನಲು ಬರುವಂತಿರಲಿಲ್ಲ. ಖಾಲಿ ಗಾಡಿ ಓಡಿಸಲು ಬಾರದವಳಿಗೆ ಯಾರು ತಾನೇ ಲೈಸೆನ್ಸ್ ಕೊಡುತ್ತಾರೆ? ಚೀಲ ಇಳಿದವು. ಸೀಟು ಮತ್ತೆ ಆ ಹಾಳು ಬಯಲಿನಷ್ಟೇ ಅಗಲವಾಯಿತು. ಹಿಂದಿನಿಂದ ಸೂರ್ಯಕಾಂತ, "ಪಾಸಿಟಿವ್, ವೈನಿ, ಪಾಸಿಟಿವ್," ಎಂದ.

ಅವಳು ನಡುವೆ ಕುಳಿತಳು. ಚೀಲದ ಒತ್ತು ತೊಡೆಯ ಪಕ್ಕದಲ್ಲಿ ಇನ್ನೂ ಆರಿರಲಿಲ್ಲ. ಎಡಗಡೆಯ ಖಾಲಿ ಜಾಗಕ್ಕೆ, ಬೇರೆ ಯಾರಿಗೂ ಕೇಳದ ಹಾಗೆ, "ಮರೆಮ್ಮಕ್ಕ, ಇವತ್ತೊಂದಿನ ನಿದ್ದಿ ಹೊಡೀಬ್ಯಾಡ," ಎಂದಳು. ಗಾಡಿ ಎಬ್ಬಿಸಿದಳು. ಮೊದಲ ತಿರುವು. ಮೈ ತಾನೇ ನೆನಪಿಟ್ಟುಕೊಂಡು ಒತ್ತಿ ಹಿಡಿಯಿತು, ಎಷ್ಟು ಬೇಕೋ ಅಷ್ಟೇ. ಎರಡನೆಯ ತಿರುವಿನಲ್ಲಿ ಒಂದು ಡಬ್ಬಿಗೆ ಗಾಲಿ ಸವರಿತು. ಡಬ್ಬಿ ಅಲ್ಲಾಡಿತು. ಸಂಘಪಾಲ ತನ್ನ ಮುರಿದ ಕೈಯಿಂದಲೇ ಹ್ಯಾಂಡಲ್ ತಿರುವುವ ಹಾಗೆ ಗಾಳಿಯಲ್ಲಿ ಕೈ ತಿರುವಿದ. ಡಬ್ಬಿ ಅತ್ತ ವಾಲಿ, ಇತ್ತ ವಾಲಿ, ನಿಂತಿತು.

"ಆಯ್ತು," ಎಂದರು ಸಾಹೇಬರು. "ಪಾಸ್. ಮುಂದೆ ಸೀಟಿನ ಮೇಲೆ ಯಾರನ್ನೂ ಕೂರಿಸಬಾರದು, ತಿಳೀತಾ?"

"ತಿಳೀತ್ರಿ," ಎಂದಳು ಕರುಣಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರಮಾಬಾಯಿ ಸೊಸೆಯ ಕೆನ್ನೆ ಹಿಂಡಿದಳು. ಸಂಘಪಾಲ ಬರೀ, "ಆ ಡಬ್ಬಿಗಿ ಯಾಕ ಹೋದಿ?" ಎಂದ. ಅವನು ಗುರುವಲ್ಲವೇ, ಬೇರೆ ಏನು ಹೇಳಿಯಾನು? ಅವನ ಕಣ್ಣು ಮಾತ್ರ ಒದ್ದೆಯಾಗಿತ್ತು. ಆ ಹೊತ್ತಿಗೆ ನಮ್ಮ ಶಿಬಿರಾರ್ಥಿ ಏನು ಮಾಡುತ್ತಿದ್ದ ಎನ್ನುತ್ತೀರಿ? ಫೋನನ್ನು ಮುಖದ ಮುಂದೆ ಹಿಡಿದು, "ಗೆಳೆಯರೇ, ನಮ್ಮ ವೈನಿಗೆ ಕಣ್ಣು ಮುಚ್ಚಿ ಗೆಲುವನ್ನು ನೋಡುವುದು ಹೇಗೆಂದು ನಾನು ಹೇಳಿಕೊಟ್ಟೆ," ಎಂದು ವಿಡಿಯೋ ಮಾಡುತ್ತಿದ್ದ. ಹಿನ್ನೆಲೆಯಲ್ಲಿ ಅತ್ತೆ ಸೊಸೆ ಚೀಲ ಹೊರುತ್ತಿರುವುದು ಸ್ಪಷ್ಟವಾಗಿ ಬಂದಿದೆ. ನೀವೂ ನೋಡಿರಬೇಕು, ಎಲ್ಲ ಗ್ರೂಪಿನಲ್ಲೂ ಬಿದ್ದಿತ್ತು.

ಲಾಲಮ್ಮನ ಮನೆಯಲ್ಲಿ ಚೀಲ ಇಳಿಸಿ, ಚಹಾ ಕುಡಿದು, ವಾಡಿಯಲ್ಲಿ ಮಿರ್ಚಿ ಭಜಿ ತಿಂದು ಚಿತ್ತಾಪುರದ ಸ್ಟ್ಯಾಂಡಿಗೆ ಬಂದರು. ಈ ಸಲವೂ ಕರುಣಾಳ ಕಣ್ಣಲ್ಲಿ ನೀರು ಬಂದಿತ್ತು, ಈ ಸಲ ಖಾರಕ್ಕೇ ಎಂದು ಅವಳೇ ಹೇಳಿದಳು. ಸ್ಟ್ಯಾಂಡಿನಲ್ಲಿ ಸಾಯಿಕುಮಾರ ತಲೆ ಬಾಚಿಕೊಂಡು ತಯಾರಾಗಿದ್ದ. ಅವನ ಪಕ್ಕ ಬಣ್ಣದ ಡಬ್ಬಿ ಹಿಡಿದ ಪೇಂಟರ್.

ಮಜೀದಸಾಬರು ಕರುಣಾಳ ಮುಖ ನೋಡಿದರು, ಕೇಳಲಿಲ್ಲ. "ಎಲ್ಲಾಕಿಂತ ಹಿಂದ ನಿಲ್ಸು ಬೇಟಿ. ನಾಳೆ ಮುಂಜಾನಿಂದ ನಿನ್ನ ಪಾಳಿ." ಆಮೇಲೆ ಸಾಯಿಕುಮಾರನಿಗೆ, "ಹೀರೋ, ನೀ ಮನಿಗಿ ಹೋಗು. ಬಾಚಣಿಗಿ ಕಿಸೇದಾಗ ಇಟ್ಕೋ."

ಪೇಂಟರನಿಗೆ ಯಾರ ಗಾಡಿಯಾದರೇನು? "ಬಂದೀನಿ, ಖಾಲಿ ಹೋಗಂಗಿಲ್ಲ. ಏನ್ ಬರೀಲಿ ಅಕ್ಕಾ?"

"ಪಾಸಿಟಿವ್ ಇರಿ ಅಂತ ಬರಸ್ರಿ ವೈನಿ," ಎಂದ ಸೂರ್ಯಕಾಂತ.

ಕರುಣಾ ಅವನ ಕಡೆ ನೋಡದೆ ಪೇಂಟರನಿಗೆ ಹೇಳಿದಳು, "'ಜಗಾ ಅದ, ಕುಂದ್ರಿ' ಅಂತ ಅಷ್ಟೇ ಬರೀ. ದೊಡ್ಡ ಅಕ್ಷರದಾಗ."

ನಮ್ಮ ಪಾಸಿಟಿವ್ ಮನುಷ್ಯ, ತಾನು ಚಿತ್ತಾಪುರದಲ್ಲೇ ಇಳಿಯುವುದಾಗಿ ಹೇಳಿದ. ಯಾರೂ ಬೇಡ ಎನ್ನಲಿಲ್ಲ.

ದಂಡೋತಿಯ ದಾರಿಯಲ್ಲಿ ಹೊಲದಿಂದ ಮರಳುತ್ತಿದ್ದ ಮರೆಮ್ಮ ಕೈ ಮಾಡಿದಳು. ಕರುಣಾ ಅಭ್ಯಾಸದಿಂದ ಬಲಕ್ಕೆ ಸರಿದಳು, ಸಾಹೇಬರ ಮಾತು ನೆನಪಾಗಿ ಒಂದು ಗಳಿಗೆ ತಡೆದಳು, ಹಿಂದೆ ಕೈ ತೋರಿಸಿದಳು. ಮರೆಮ್ಮ ಹಿಂದೆ ನೋಡಲೇ ಇಲ್ಲ. ತನ್ನ ಜಾಗದಲ್ಲಿ ಬಂದು ಕುಳಿತು, "ಪಾಸಾದಿ ಅಂತಲ್ಲ, ಸರಿ ಸ್ವಲ್ಪ," ಎಂದಳು.

ಗಾಡಿ ಬೇವಿನ ಗಿಡದ ಕೆಳಗೆ ನಿಂತಿತು. ಇನ್ನೂ ಬೆಳಕಿತ್ತು. ಕರುಣಾ ಇಳಿದು ಹಿಂದಕ್ಕೆ ಬಂದು, ಬಣ್ಣ ಆರಿದೆಯೇ ಎಂದು ಬೆರಳು ತಾಗಿಸಿ ನೋಡಿದಳು. ಅಷ್ಟರಲ್ಲಿ ಕೋಳಿ ಪಟಪಟನೆ ಹಾರಿ ಹಿಂದಿನ ಸೀಟಿನ ಮೂಲೆಗೆ ಹೋಗಿ, ಇದು ನನ್ನದೇ ಎಂಬಂತೆ ಗರಿ ಉಬ್ಬಿಸಿ ಕುಳಿತಿತು.

"ನಿನಗಲ್ಲ ಬರ್ಸಿದ್ದು," ಎಂದಳು ಕರುಣಾ. ಎರಡೂ ಕೈಯಲ್ಲಿ ಅದನ್ನು ಎತ್ತಿ, ಕುಕ್ಕಿಸಿಕೊಳ್ಳುತ್ತಲೇ ಒಳಗೆ ಒಯ್ದು, ಬುಟ್ಟಿಯೊಳಗೆ ಕೂಡಿಸಿ, ಮೇಲೊಂದು ಮೊರ ಮುಚ್ಚಿ, ಮೊರದ ಮೇಲೆ ಕಲ್ಲು ಹೇರಿದಳು.